ರೇಡಿಯೊ ನಿಯಂತ್ರಿತ ಮಾದರಿ ವಾಹನ: ಟ್ರಾನ್ಸ್‌ಮಿಟರ್, ರಿಸೀವರ್ ಆಯ್ಕೆ ಹೇಗೆ?

ಗೋಕಾಕ ಎಂದೊಡನೆ ಜಲಪಾತ ಮತ್ತು ಕರದಂಟಿನ ಜೊತೆಗೆ ನೆನಪಾಗುವ ಇನ್ನೊಂದು ವಸ್ತು ಇಲ್ಲಿನ ಮರದ ಆಟಿಕೆ. ಹಗುರವಾದ ಮರವನ್ನು ಕೆತ್ತಿ, ಬಣ್ಣ ಬಳಿದು ಕುಶಲಕರ್ಮಿಗಳು ರೂಪಿಸಿದ ಹಣ್ಣು ಮತ್ತು ಗೊಂಬೆಗಳು ಈ ಊರಿನ ಹೆಸರನ್ನು ದೂರದೂರಕ್ಕೆ ಒಯ್ದಿವೆ. ಇಂದು ಅದೇ ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಮನೆಗಳಿಗೆ ಬೇರೊಂದು ಬಗೆಯ ಆಟಿಕೆ ಅಂಚೆ ಮತ್ತು ಕೊರಿಯರ್ ಮೂಲಕ ಬಂದು ಇಳಿಯುತ್ತಿದೆ. ಅದು ಕೈಯಿಂದ ತಳ್ಳುವ ಬಂಡಿಯಲ್ಲ, ದೂರದಿಂದಲೇ ರೇಡಿಯೊ ಅಲೆಗಳ ಮೂಲಕ ನಡೆಸುವ ಕಾರು, ದೋಣಿ, ಟ್ರ್ಯಾಕ್ಟರ್ ಅಥವಾ ವಿಮಾನದ ಮಾದರಿ.

ಈ ಹವ್ಯಾಸ ಈಗ ಮಕ್ಕಳಿಗಷ್ಟೇ ಸೀಮಿತವಾಗಿಲ್ಲ. 1998ರಲ್ಲಿ ಬೆಳಗಾವಿಯನ್ನು ಕೇಂದ್ರವಾಗಿಟ್ಟುಕೊಂಡು ಆರಂಭವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ವ್ಯಾಪ್ತಿಯ ಕಾಲೇಜುಗಳಲ್ಲಿ ಓದುವ ವಿದ್ಯಾರ್ಥಿಗಳಿಗೆ ಇದು ಪ್ರಾಜೆಕ್ಟ್‌ನ ವಿಷಯ. ಹುಕ್ಕೇರಿ ತಾಲ್ಲೂಕಿನ ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ತಯಾರಿಸುವ ವಿಶೇಷ ಆರ್ಥಿಕ ವಲಯವಿದೆ. ಅರಭಾವಿಯಲ್ಲಿ ತೋಟಗಾರಿಕೆ ಮಹಾವಿದ್ಯಾಲಯವಿದೆ. ಯಂತ್ರದಲ್ಲಿ ಆಸಕ್ತಿಯಿರುವ ಯುವಕನಿಗೂ, ಡ್ರೋನ್‌ನಿಂದ ಔಷಧ ಸಿಂಪಡಿಸುವುದನ್ನು ಕಂಡ ರೈತನ ಮಗನಿಗೂ ದೂರನಿಯಂತ್ರಣದ ಮೊದಲ ಪಾಠ ಕಲಿಯಲು ಒಂದು ಮಾದರಿ ಕಾರು ಸಾಕು.

ಆದರೆ ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪೊಂದಿದೆ. ಹಣವನ್ನೆಲ್ಲ ಮೋಟಾರು, ಚಕ್ರ ಮತ್ತು ಹೊರಕವಚದ ಅಂದಕ್ಕೆ ಸುರಿದು, ಉಳಿದ ಅಲ್ಪಸ್ವಲ್ಪದಲ್ಲಿ ಸಿಕ್ಕಿದ ರೇಡಿಯೊವನ್ನು ಕೊಳ್ಳುತ್ತಾರೆ. ಮೂರೂವರೆ ಕೆ.ಜಿ. ತೂಕದ ಮಾದರಿ ಕಾರೊಂದು ಗಂಟೆಗೆ 60 ಕಿ.ಮೀ. ವೇಗದಲ್ಲಿ ಓಡುವಾಗ ಅದು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಸಾಗುತ್ತದೆ. ಆಗ ಅದರಲ್ಲಿರುವ ಶಕ್ತಿ, 5 ಕೆ.ಜಿ.ಯ ಕಲ್ಲು 10 ಮೀಟರ್ ಎತ್ತರದಿಂದ ಬಿದ್ದಾಗ ಇರುವಷ್ಟು. ರೇಡಿಯೊ ಸಂಪರ್ಕ ಕಡಿದ ಆ ಒಂದು ಸೆಕೆಂಡಿನಲ್ಲಿ ಎದುರಿಗೆ ಮಗುವೊಂದು ನಿಂತಿದ್ದರೆ ಏನಾದೀತು ಎಂಬುದನ್ನು ಊಹಿಸಬಹುದು. ಆದ್ದರಿಂದ ರೇಡಿಯೊದ ಆಯ್ಕೆ ಅಲಂಕಾರದ ಪ್ರಶ್ನೆಯಲ್ಲ, ಸುರಕ್ಷತೆಯ ಪ್ರಶ್ನೆ.

ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ?

ಕೈಯಲ್ಲಿ ಹಿಡಿಯುವ ಸಾಧನ ಟ್ರಾನ್ಸ್‌ಮಿಟರ್. ವಾಹನದೊಳಗೆ ಕೂರುವ ಬೆಂಕಿಪೊಟ್ಟಣದಷ್ಟಿನ ಪೆಟ್ಟಿಗೆ ರಿಸೀವರ್. ಟ್ರಾನ್ಸ್‌ಮಿಟರ್‌ನ ಚಕ್ರವನ್ನು ತಿರುಗಿಸಿದಾಗ ಆ ಚಲನೆ ಅಂಕಿಗಳ ರೂಪ ತಾಳಿ ರೇಡಿಯೊ ಅಲೆಯ ಮೇಲೇರಿ ಹೊರಡುತ್ತದೆ. ರಿಸೀವರ್ ಅದನ್ನು ಬಿಡಿಸಿ ಓದಿ, ಸರ್ವೋ ಎಂಬ ಪುಟ್ಟ ಮೋಟಾರಿಗೂ ವೇಗನಿಯಂತ್ರಕಕ್ಕೂ ಆಜ್ಞೆ ನೀಡುತ್ತದೆ. ಆಜ್ಞೆಯ ಭಾಷೆ ಸರಳ. ಸಾಮಾನ್ಯ ಸರ್ವೋಗೆ ಸೆಕೆಂಡಿಗೆ ಸುಮಾರು 50 ಬಾರಿ ವಿದ್ಯುತ್ ಸ್ಪಂದನ ಹೋಗುತ್ತದೆ. ಸ್ಪಂದನದ ಅವಧಿ 1,500 ಮೈಕ್ರೋಸೆಕೆಂಡ್ ಇದ್ದರೆ ಚಕ್ರ ನೇರ, 1,000ದತ್ತ ಇಳಿದರೆ ಒಂದು ಕಡೆಗೆ, 2,000ದತ್ತ ಏರಿದರೆ ಇನ್ನೊಂದು ಕಡೆಗೆ.

ನಮ್ಮ ರೈತರು ಪಂಪ್‌ಸೆಟ್‌ಗೆ ಅಳವಡಿಸುವ ಮೊಬೈಲ್ ಸ್ಟಾರ್ಟರ್ ಕೂಡ ದೂರನಿಯಂತ್ರಣವೇ. ಆದರೆ ಅದರಲ್ಲಿ ಆಜ್ಞೆ ಮೊಬೈಲ್ ಗೋಪುರದ ಮೂಲಕ ಸುತ್ತಿ ಬರುತ್ತದೆ. ಪಂಪು ಐದು ಸೆಕೆಂಡ್ ತಡವಾಗಿ ಆರಂಭವಾದರೂ ಬೆಳೆಗೆ ನಷ್ಟವಿಲ್ಲ. ಓಡುವ ವಾಹನಕ್ಕೆ ಆ ಸೌಲಭ್ಯವಿಲ್ಲ. ಅದಕ್ಕೆ ಕೈಯಿಂದ ವಾಹನಕ್ಕೆ ನೇರವಾಗಿ, ಕಣ್ಣುಮಿಟುಕಿಸುವುದರೊಳಗೆ ತಲುಪುವ ಸಂಪರ್ಕ ಬೇಕು.

27 ಮೆಗಾಹರ್ಟ್ಸ್‌ನಿಂದ 2.4 ಗಿಗಾಹರ್ಟ್ಸ್‌ಗೆ

ರೇಡಿಯೊ ಮೂಲಕ ವಾಹನ ನಡೆಸುವ ಕಲ್ಪನೆ ಹೊಸದಲ್ಲ. ನಿಕೋಲಾ ಟೆಸ್ಲಾ 1898ರಲ್ಲೇ ನ್ಯೂಯಾರ್ಕ್‌ನಲ್ಲಿ ಪುಟ್ಟ ದೋಣಿಯೊಂದನ್ನು ತಂತಿಯಿಲ್ಲದೆ ನಡೆಸಿ ತೋರಿಸಿದ್ದರು. ಹವ್ಯಾಸದ ವಾಹನಗಳು ದಶಕಗಳ ಕಾಲ 27 ಮೆಗಾಹರ್ಟ್ಸ್ ಸುತ್ತಲಿನ ತರಂಗಾಂತರವನ್ನು ಬಳಸಿದವು. ಅದರಲ್ಲಿ ಪ್ರತಿ ಸೆಟ್ಟಿಗೂ ಒಂದು ಸ್ಫಟಿಕ, ಅಂದರೆ ಕ್ರಿಸ್ಟಲ್, ಇರುತ್ತಿತ್ತು. ಒಂದೇ ಮೈದಾನದಲ್ಲಿ ಇಬ್ಬರ ಬಳಿ ಒಂದೇ ಸಂಖ್ಯೆಯ ಸ್ಫಟಿಕವಿದ್ದರೆ ಒಬ್ಬರ ಕಾರು ಇನ್ನೊಬ್ಬರ ಕೈಮಾತು ಕೇಳುತ್ತಿತ್ತು. ಗೊಂದಲ ತಪ್ಪಿಸಲು ಆಂಟೆನಾ ತುದಿಗೆ ಬಣ್ಣದ ಬಾವುಟ ಕಟ್ಟುವ ಪದ್ಧತಿಯೂ ಇತ್ತು. ಆ ಅಲೆಯ ಉದ್ದ ಸುಮಾರು 11 ಮೀಟರ್. ಆದ್ದರಿಂದಲೇ ಹಳೆಯ ಸೆಟ್ಟುಗಳಿಗೆ ಎಳೆದು ಉದ್ದ ಮಾಡುವ ಆಂಟೆನಾ ಬೇಕಿತ್ತು.

2000ದ ದಶಕದ ಮಧ್ಯಭಾಗದಿಂದ ಚಿತ್ರ ಬದಲಾಯಿತು. 2.4 ಗಿಗಾಹರ್ಟ್ಸ್ ಬಳಸುವ ಸೆಟ್ಟುಗಳು ಬಂದವು. ಇವುಗಳಲ್ಲಿ ಅನೇಕವು ಒಂದೇ ತರಂಗಾಂತರಕ್ಕೆ ಅಂಟಿಕೊಳ್ಳದೆ ಕ್ಷಣಕ್ಷಣಕ್ಕೂ ಜಾಗ ಬದಲಾಯಿಸುತ್ತವೆ. ಸಂತೆಯ ಗದ್ದಲದಲ್ಲಿ ಮಾತಾಡಬೇಕಾದ ಇಬ್ಬರು, ಯಾವಾಗ ಯಾವ ಮೂಲೆಗೆ ಸರಿಯಬೇಕೆಂದು ಮೊದಲೇ ಗೊತ್ತು ಮಾಡಿಕೊಂಡಂತೆ ಇದು. ಒಂದು ಮೂಲೆಯಲ್ಲಿ ಗದ್ದಲವಿದ್ದರೂ ಮುಂದಿನ ಮೂಲೆಯಲ್ಲಿ ಮಾತು ಮುಂದುವರಿಯುತ್ತದೆ. ಈ ಜಿಗಿತದ ತತ್ವವನ್ನು ಬಳಸಿದ ಆರಂಭದ ಪೇಟೆಂಟ್‌ಗಳಲ್ಲೊಂದು 1942ರಲ್ಲಿ ಚಿತ್ರನಟಿ ಹೆಡಿ ಲಮಾರ್ ಮತ್ತು ಸಂಗೀತಗಾರ ಜಾರ್ಜ್ ಆಂಥೈಲ್ ಅವರಿಗೆ ದೊರೆತದ್ದು ಎಂಬುದು ಸ್ವಾರಸ್ಯದ ಸಂಗತಿ.

ಇಂದು ಹೊಸದಾಗಿ ಕೊಳ್ಳುವವರಿಗೆ 2.4 ಗಿಗಾಹರ್ಟ್ಸ್ ಸೆಟ್ಟೇ ಸರಿಯಾದ ಆಯ್ಕೆ. ಹಳೆಯ 27 ಮೆಗಾಹರ್ಟ್ಸ್ ಸೆಟ್ಟು ಪುಕ್ಕಟೆ ಸಿಕ್ಕಿದರೆ ಕಲಿಕೆಗೆ ಬಿಚ್ಚಿ ನೋಡಬಹುದು. ವೇಗದ ವಾಹನಕ್ಕೆ ಅದನ್ನು ಕಟ್ಟುವುದು ಬೇಡ.

ಕಾನೂನು ಏನು ಹೇಳುತ್ತದೆ?

ರೇಡಿಯೊ ಅಲೆ ಸಾರ್ವಜನಿಕ ಸ್ವತ್ತು. ಅದರ ಬಳಕೆಗೆ ಕೇಂದ್ರ ದೂರಸಂಪರ್ಕ ಇಲಾಖೆಯ ನಿಯಮಗಳಿವೆ. 2005ರ ಜನವರಿಯ ಅಧಿಸೂಚನೆಯು 2,400ರಿಂದ 2,483.5 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು, ನಿಗದಿತ ಶಕ್ತಿಯ ಮಿತಿಯೊಳಗೆ, ಪರವಾನಗಿಯಿಂದ ಮುಕ್ತಗೊಳಿಸಿತು. ಹವ್ಯಾಸದ ಸಾಧಾರಣ ಸೆಟ್ಟುಗಳು ಹೊರಸೂಸುವ ಶಕ್ತಿ 100 ಮಿಲಿವ್ಯಾಟ್ ಆಸುಪಾಸಿನದು, ಅಂದರೆ ಮಿತಿಗಿಂತ ಬಹಳ ಕೆಳಗೆ. 27 ಮೆಗಾಹರ್ಟ್ಸ್‌ನ ಪಟ್ಟಿಗೂ ಕಡಿಮೆ ಶಕ್ತಿಯ ಬಳಕೆಗೆ ವಿನಾಯಿತಿ ಇದೆ. ಉಪಕರಣಕ್ಕೆ ಇಲಾಖೆಯ ನಿಸ್ತಂತು ವಿಭಾಗದ ಅನುಮೋದನೆ ಇದೆಯೇ ಎಂದು ಮಾರುವವರನ್ನು ಕೇಳುವುದು ಒಳ್ಳೆಯದು.

ಎಚ್ಚರ ವಹಿಸಬೇಕಾದುದು ಬಹುದೂರದ ಸಂಪರ್ಕಕ್ಕೆಂದು ಮಾರುವ 900 ಮೆಗಾಹರ್ಟ್ಸ್ ಸುತ್ತಲಿನ ಸಾಧನಗಳ ವಿಷಯದಲ್ಲಿ. ಅಮೆರಿಕದಲ್ಲಿ 902ರಿಂದ 928 ಮೆಗಾಹರ್ಟ್ಸ್ ಮುಕ್ತ ಪಟ್ಟಿ. ಅಲ್ಲಿಗೆಂದು ತಯಾರಾದ ‘915’ ಗುರುತಿನ ಸಾಧನ ನಮ್ಮಲ್ಲಿ ಮೊಬೈಲ್ ಫೋನುಗಳಿಗೆ ಮೀಸಲಾದ 890ರಿಂದ 915ರ ಪಟ್ಟಿಗೆ ನುಗ್ಗುತ್ತದೆ. ಭಾರತದಲ್ಲಿ ಮುಕ್ತವಾಗಿರುವುದು 865ರಿಂದ 868ರ ಭಾಗ. ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್ ಎಂಬ ಮುಕ್ತ ತಂತ್ರಾಂಶದಲ್ಲಿ ಭಾರತಕ್ಕೆಂದೇ ಪ್ರತ್ಯೇಕ ಆಯ್ಕೆ ಇದೆ. ಕಣ್ಣಳತೆಯಲ್ಲಿ ಓಡಿಸುವ ಕಾರಿಗಂತೂ ಇವು ಯಾವುದೂ ಬೇಕಿಲ್ಲ.

ಪಿಸ್ತೂಲಿನ ಆಕಾರವೋ, ಎರಡು ಕಡ್ಡಿಯದೋ?

ಟ್ರಾನ್ಸ್‌ಮಿಟರ್‌ನಲ್ಲಿ ಎರಡು ಮುಖ್ಯ ಬಗೆಗಳಿವೆ. ಒಂದು, ಪಿಸ್ತೂಲಿನಂತೆ ಹಿಡಿಯುವಂಥದು. ಬೆರಳಿನ ಕುದುರೆ ವೇಗಕ್ಕೆ, ಪಕ್ಕದ ಪುಟ್ಟ ಚಕ್ರ ದಿಕ್ಕಿಗೆ. ಕಾರು, ಟ್ರಕ್ಕು, ದೋಣಿಗಳಿಗೆ ಇದು ಸಹಜ. ಇನ್ನೊಂದು, ಎರಡು ಹೆಬ್ಬೆರಳುಗಳಿಂದ ಎರಡು ಕಡ್ಡಿಗಳನ್ನು ಆಡಿಸುವಂಥದು. ವಿಮಾನ, ಡ್ರೋನ್‌ಗಳಿಗೆ ಇದೇ ಬೇಕು. ಟ್ರ್ಯಾಕ್ಟರ್, ಜೆಸಿಬಿ ಮಾದರಿಗಳಿಗೂ ಇದು ಅನುಕೂಲ, ಏಕೆಂದರೆ ಅವುಗಳಲ್ಲಿ ಒಂದೇ ಹೊತ್ತಿಗೆ ನಾಲ್ಕಾರು ಚಲನೆಗಳಿರುತ್ತವೆ.

ಪ್ರತಿಯೊಂದು ಪ್ರತ್ಯೇಕ ಚಲನೆಗೆ ಒಂದು ಚಾನೆಲ್ ಬೇಕು. ಕಾರಿಗೆ ದಿಕ್ಕು ಮತ್ತು ವೇಗ ಸೇರಿ ಎರಡು. ದೀಪ ಅಥವಾ ಗೇರ್ ಇದ್ದರೆ ಮೂರು, ನಾಲ್ಕು. ವಿಮಾನಕ್ಕೆ ಸಾಮಾನ್ಯವಾಗಿ ನಾಲ್ಕು. ಡ್ರೋನ್‌ಗೆ ಹಾರಾಟದ ವಿಧಾನ ಬದಲಿಸಲು ಇನ್ನೂ ಒಂದೆರಡು. ಟ್ರೇಲರ್ ಎತ್ತಿ ಕಬ್ಬು ಸುರಿಯುವ ಟ್ರ್ಯಾಕ್ಟರ್ ಮಾದರಿ ಮಾಡುವವರಿಗೆ ಆರು ಬೇಕಾದೀತು. ಇಂದಿನ ಅಗತ್ಯಕ್ಕಿಂತ ಎರಡು ಹೆಚ್ಚು ಇರಲಿ. ಹತ್ತು ಚಾನೆಲ್ ಇದೆ ಎಂಬ ಒಂದೇ ಕಾರಣಕ್ಕೆ ಹಣ ತೆರುವುದು ವ್ಯರ್ಥ.

ಚಾನೆಲ್‌ಗಿಂತ ಹೆಚ್ಚು ಉಪಯೋಗಕ್ಕೆ ಬರುವುದು ಹೊಂದಾಣಿಕೆಯ ಸೌಲಭ್ಯಗಳು. ಚಕ್ರ ಎಷ್ಟರವರೆಗೆ ತಿರುಗಬೇಕೆಂಬ ಗಡಿ, ನಡುವಿನ ಸ್ಥಾನದ ಸೂಕ್ಷ್ಮ ತಿದ್ದುಪಡಿ, ಗರಿಷ್ಠ ವೇಗದ ಮಿತಿ, ಒಂದಕ್ಕಿಂತ ಹೆಚ್ಚು ವಾಹನಗಳ ನೆನಪು, ಇವಿಷ್ಟು ಇರಲೇಬೇಕು. ಮಕ್ಕಳ ಕೈಗೆ ಕೊಡುವ ಮೊದಲು ವೇಗವನ್ನು ಅರ್ಧಕ್ಕೆ ಇಳಿಸುವ ಸೌಲಭ್ಯವೊಂದೇ ಅನೇಕ ಅಪಘಾತಗಳನ್ನು ತಪ್ಪಿಸುತ್ತದೆ.

ಜೋಡಿ ಹೊಂದಬೇಕು

ಟ್ರಾನ್ಸ್‌ಮಿಟರ್, ರಿಸೀವರ್ ಎರಡೂ 2.4 ಗಿಗಾಹರ್ಟ್ಸ್‌ನವು ಎಂದ ಮಾತ್ರಕ್ಕೆ ಅವು ಪರಸ್ಪರ ಮಾತಾಡುವುದಿಲ್ಲ. ಪ್ರತಿ ಕಂಪನಿಗೂ ತನ್ನದೇ ಸಂಕೇತ ಪದ್ಧತಿಯಿದೆ. ಫ್ಲೈಸ್ಕೈ ಕಂಪನಿಯ ಎಫ್‌ಎಸ್-ಐ6 ಸೆಟ್ಟು ಎಎಫ್‌ಎಚ್‌ಡಿಎಸ್ 2ಎ ಎಂಬ ಪದ್ಧತಿಯಲ್ಲಿ ಕೆಲಸ ಮಾಡುತ್ತದೆ. ಫುಟಾಬಾ ಅಥವಾ ಸ್ಪೆಕ್ಟ್ರಮ್‌ನ ರಿಸೀವರ್ ಅದಕ್ಕೆ ಸ್ಪಂದಿಸದು. ಒಂದೇ ಕಂಪನಿಯ ಹಳೆಯ, ಹೊಸ ಪದ್ಧತಿಗಳೂ ಹೊಂದದಿರಬಹುದು. ಕೊಳ್ಳುವ ಮೊದಲು ರಿಸೀವರ್‌ನ ಪೆಟ್ಟಿಗೆಯ ಮೇಲೆ ಪದ್ಧತಿಯ ಹೆಸರನ್ನು ಓದಬೇಕು.

ಈ ಕಾರಣದಿಂದಲೇ ಬೆಲೆಯನ್ನು ಟ್ರಾನ್ಸ್‌ಮಿಟರ್ ಒಂದರಿಂದ ಅಳೆಯಬಾರದು. ಟ್ರಾನ್ಸ್‌ಮಿಟರ್ ಒಂದೇ ಬಾರಿ ಕೊಳ್ಳುವ ವಸ್ತು. ಮುಂದೆ ಕಟ್ಟುವ ಪ್ರತಿ ವಾಹನಕ್ಕೂ ಒಂದೊಂದು ರಿಸೀವರ್ ಬೇಕು. ಹೆಸರಾಂತ ಜಪಾನಿ ಕಂಪನಿಗಳ ಸೆಟ್ಟು ಉತ್ತಮವೇ ಆದರೂ ಅವುಗಳ ರಿಸೀವರ್ ದುಬಾರಿ. ಮೂರು ವಾಹನ ಮಾಡುವ ಆಸೆಯಿರುವವರು ಒಂದು ಟ್ರಾನ್ಸ್‌ಮಿಟರ್ ಮತ್ತು ಮೂರು ರಿಸೀವರ್‌ಗಳ ಒಟ್ಟು ಬೆಲೆಯನ್ನು ಕೂಡಿಸಿ ನೋಡಲಿ.

ಎರಡನ್ನೂ ಪರಿಚಯಿಸುವ ಕ್ರಿಯೆಗೆ ಬೈಂಡ್ ಎನ್ನುತ್ತಾರೆ. ಒಮ್ಮೆ ಬೈಂಡ್ ಆದ ರಿಸೀವರ್ ತನ್ನ ಟ್ರಾನ್ಸ್‌ಮಿಟರ್‌ನ ಗುರುತು ನೆನಪಿಟ್ಟುಕೊಂಡು ಬೇರೆಯವರ ಆಜ್ಞೆಯನ್ನು ತಿರಸ್ಕರಿಸುತ್ತದೆ. ಸ್ಫಟಿಕದ ಕಾಲದ ತಾಪತ್ರಯ ತೀರಿದ್ದು ಹೀಗೆ.

ಸಂಪರ್ಕ ಕಡಿದಾಗ ಏನಾಗಬೇಕು?

ರಿಸೀವರ್ ಆಯ್ಕೆಯಲ್ಲಿ ಅತಿಮುಖ್ಯ ಪ್ರಶ್ನೆ ಇದೇ. ಸಂಪರ್ಕ ಕಡಿದೊಡನೆ ಮೊದಲೇ ನಿಗದಿಪಡಿಸಿದ ಸುರಕ್ಷಿತ ಸ್ಥಿತಿಗೆ ಹೋಗುವ ಏರ್ಪಾಡಿಗೆ ಫೇಲ್‌ಸೇಫ್ ಎಂದು ಹೆಸರು. ಕಾರಿನಲ್ಲಿ ಅದು ವೇಗವನ್ನು ಶೂನ್ಯಕ್ಕೆ ತರಬೇಕು, ಸಾಧ್ಯವಿದ್ದರೆ ಬ್ರೇಕ್ ಹಾಕಬೇಕು. ಫೇಲ್‌ಸೇಫ್ ಇಲ್ಲದ ರಿಸೀವರ್ ಕೊನೆಯ ಆಜ್ಞೆಯನ್ನೇ ಹಿಡಿದು ಕೂತರೆ, ಪೂರ್ಣ ವೇಗದಲ್ಲಿದ್ದ ಕಾರು ಪೂರ್ಣ ವೇಗದಲ್ಲೇ ಓಡುತ್ತದೆ. ಹಲವು ಅಗ್ಗದ ಸೆಟ್ಟುಗಳಲ್ಲಿ ಈ ಸೌಲಭ್ಯವಿದ್ದರೂ ಅದನ್ನು ಬಳಕೆದಾರರೇ ಹೊಂದಿಸಬೇಕು. ಪೆಟ್ಟಿಗೆಯಿಂದ ತೆಗೆದ ಸ್ಥಿತಿಯಲ್ಲಿ ಅದು ನಿಷ್ಕ್ರಿಯವಾಗಿರಬಹುದು.

ಪರೀಕ್ಷೆ ಸುಲಭ. ಚಕ್ರಗಳು ನೆಲಕ್ಕೆ ತಾಗದಂತೆ ವಾಹನವನ್ನು ಇಟ್ಟಿಗೆಯ ಮೇಲಿಟ್ಟು, ಸ್ವಲ್ಪ ವೇಗ ಕೊಟ್ಟು, ಟ್ರಾನ್ಸ್‌ಮಿಟರ್‌ನ ಸ್ವಿಚ್ ಆರಿಸಬೇಕು. ಚಕ್ರ ನಿಂತರೆ ಸರಿ. ನಿಲ್ಲದಿದ್ದರೆ ಆ ವಾಹನವನ್ನು ನೆಲಕ್ಕಿಳಿಸಬಾರದು. ಓಡಿಸುವ ದಿನ ಮಾತ್ರ ಕ್ರಮ ಬೇರೆ: ಮೊದಲು ಟ್ರಾನ್ಸ್‌ಮಿಟರ್ ಆನ್, ನಂತರ ವಾಹನ. ಮುಗಿದ ಮೇಲೆ ಮೊದಲು ವಾಹನ ಆಫ್, ಕೊನೆಗೆ ಟ್ರಾನ್ಸ್‌ಮಿಟರ್.

ಎರಡನೆಯ ಪ್ರಶ್ನೆ ವಿದ್ಯುತ್ತಿನದು. ಅನೇಕ ರಿಸೀವರ್‌ಗಳು 5ರಿಂದ 6 ವೋಲ್ಟ್‌ನಲ್ಲಿ ಕೆಲಸ ಮಾಡುತ್ತವೆ. ಎರಡು ಕೋಶಗಳ ಲಿಥಿಯಂ ಬ್ಯಾಟರಿ 7.4 ವೋಲ್ಟ್‌ನದು, ಪೂರ್ತಿ ಚಾರ್ಜ್ ಆದಾಗ 8.4. ಅದನ್ನು ನೇರವಾಗಿ ಜೋಡಿಸಿದರೆ ರಿಸೀವರ್ ಸುಡಬಹುದು. ವೇಗನಿಯಂತ್ರಕದಲ್ಲಿರುವ ಬಿಇಸಿ ಎಂಬ ಭಾಗ ವೋಲ್ಟೇಜನ್ನು ಇಳಿಸಿಕೊಡುತ್ತದೆ. ಅದು ದುರ್ಬಲವಾಗಿದ್ದು ಸರ್ವೋ ದೊಡ್ಡದಾಗಿದ್ದರೆ, ಚಕ್ರ ಕಲ್ಲಿಗೆ ಸಿಕ್ಕಿದಾಗ ಸರ್ವೋ ವಿದ್ಯುತ್ತನ್ನೆಲ್ಲ ಎಳೆದುಕೊಂಡು ರಿಸೀವರ್ ಕ್ಷಣಕಾಲ ಮೂರ್ಛೆ ಹೋಗುತ್ತದೆ. ‘ರೇಂಜ್ ಇಲ್ಲ’ ಎಂದು ಜನ ದೂರುವ ಅನೇಕ ಸಂದರ್ಭಗಳಲ್ಲಿ ದೋಷವಿರುವುದು ರೇಡಿಯೊದಲ್ಲಲ್ಲ, ಈ ವಿದ್ಯುತ್ ಕೊರತೆಯಲ್ಲಿ. ವಾಹನದ ಬ್ಯಾಟರಿಯ ವೋಲ್ಟೇಜನ್ನು ಟ್ರಾನ್ಸ್‌ಮಿಟರ್‌ನ ಪರದೆಗೆ ಮರಳಿ ಕಳಿಸುವ ಸೆಟ್ಟು ದೊರೆತರೆ ಇಂಥ ದೋಷವನ್ನು ಬೇಗ ಹಿಡಿಯಬಹುದು.

ಕಬ್ಬಿನ ತೋಟ, ಕಾಲುವೆ, ಎರೆ ಮಣ್ಣು

ಪೆಟ್ಟಿಗೆಯ ಮೇಲೆ ಮುದ್ರಿಸಿದ 300 ಮೀಟರ್, 500 ಮೀಟರ್ ಎಂಬ ಅಂಕಿಗಳು ಅಡೆತಡೆಯಿಲ್ಲದ ಬಯಲಿಗೆ ಅನ್ವಯಿಸುವಂಥವು. ಘಟಪ್ರಭಾ ನೀರಾವರಿಯ ನಮ್ಮ ಸೀಮೆಯ ಲೆಕ್ಕ ಬೇರೆ. ನೀರು 2.4 ಗಿಗಾಹರ್ಟ್ಸ್ ಅಲೆಯನ್ನು ಹೀರಿಕೊಳ್ಳುತ್ತದೆ. ಆಳೆತ್ತರ ಮೀರಿದ ಹಸಿರು ಕಬ್ಬು ಎಂದರೆ ನಿಂತ ನೀರಿನ ಗೋಡೆಯೇ. ಕಬ್ಬಿನ ಸಾಲಿನ ಆಚೆಗೆ ತಿರುಗಿದ ಕಾರು ಐವತ್ತು ಹೆಜ್ಜೆಯಲ್ಲೇ ಸಂಪರ್ಕ ಕಳೆದುಕೊಂಡರೆ ಅಚ್ಚರಿಯಿಲ್ಲ. ಕಟಾವು ಮುಗಿದ ಹೊಲ ಅಥವಾ ಶಾಲೆಯ ಮೈದಾನ ಸೂಕ್ತ.

ರಿಸೀವರ್ ಆಂಟೆನಾ ನೆಲಕ್ಕೆ ಎಷ್ಟು ಹತ್ತಿರವೋ ಸಂಪರ್ಕ ಅಷ್ಟು ದುರ್ಬಲ. ಅದರ ತುದಿಯ ಸುಮಾರು 3 ಸೆಂ.ಮೀ. ಬರಿಯ ತಂತಿಯೇ ಅಲೆಯನ್ನು ಹಿಡಿಯುವ ಭಾಗ. 2.4 ಗಿಗಾಹರ್ಟ್ಸ್ ಅಲೆಯ ಉದ್ದ 12.5 ಸೆಂ.ಮೀ. ಆಗಿದ್ದು, ಅದರ ಕಾಲುಭಾಗವೇ ಈ ಅಳತೆ. ಇದನ್ನು ಕತ್ತರಿಸಬಾರದು, ಮಡಚಬಾರದು. ಬ್ಯಾಟರಿ, ಮೋಟಾರು, ಲೋಹ, ಕಾರ್ಬನ್ ಫೈಬರ್‌ಗಳಿಂದ ದೂರವಿಟ್ಟು ಪ್ಲಾಸ್ಟಿಕ್ ನಳಿಕೆಯಲ್ಲಿ ನೆಟ್ಟಗೆ ಮೇಲಕ್ಕೆತ್ತಬೇಕು. ಎರಡು ಆಂಟೆನಾ ಇದ್ದರೆ ಒಂದಕ್ಕೊಂದು ಲಂಬಕೋನದಲ್ಲಿರಲಿ. ಟ್ರಾನ್ಸ್‌ಮಿಟರ್‌ನ ಆಂಟೆನಾ ತುದಿಯನ್ನು ವಾಹನದತ್ತ ಗುರಿಯಿಡುವುದೂ ತಪ್ಪು. ಅಲೆ ಹೊರಡುವುದು ಅದರ ಪಕ್ಕಗಳಿಂದ, ತುದಿಯಿಂದಲ್ಲ.

ಎರೆ ಮಣ್ಣು ಬೇಸಿಗೆಯಲ್ಲಿ ನಯವಾದ ದೂಳು, ಮಳೆಗಾಲದಲ್ಲಿ ಅಂಟುವ ಕೆಸರು. ಎರಡೂ ರಿಸೀವರ್‌ನ ಪಿನ್ನುಗಳಿಗೆ ಶತ್ರು. ಮುಚ್ಚಿದ ರಿಸೀವರ್ ಪೆಟ್ಟಿಗೆಯಿರುವ ವಾಹನವನ್ನೇ ಆರಿಸಬೇಕು. ಇಲ್ಲವಾದರೆ ರಿಸೀವರನ್ನು ಬಲೂನಿನಲ್ಲಿ ಸುತ್ತಿ ಕಟ್ಟುವ ಹಳೆಯ ಉಪಾಯ ಇಂದಿಗೂ ಕೆಲಸ ಮಾಡುತ್ತದೆ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಲಿಥಿಯಂ ಬ್ಯಾಟರಿಯನ್ನು ಮುಚ್ಚಿದ ವಾಹನದಲ್ಲಿ ಬಿಡಬಾರದು. ಹರಿಯುವ ಕಾಲುವೆಯಲ್ಲಿ ಮಾದರಿ ದೋಣಿ ಬಿಡುವುದಂತೂ ಕೂಡದು. ಸಂಪರ್ಕ ತಪ್ಪಿದ ದೋಣಿಯ ಬೆನ್ನು ಹತ್ತಿ ಮಕ್ಕಳು ನೀರಿಗಿಳಿಯುವ ಅಪಾಯ ದೋಣಿಯ ಬೆಲೆಗಿಂತ ಬಹಳ ದೊಡ್ಡದು.

ಹಾರುವ ಮಾದರಿಗಳಿಗೆ ಬೇರೆ ನಿಯಮ

ನೆಲದ ಮೇಲಿನ ಕಾರಿಗೆ ಅನ್ವಯಿಸದ ನಿಯಮಗಳು ಹಾರುವ ಮಾದರಿಗೆ ಅನ್ವಯಿಸುತ್ತವೆ. ಡ್ರೋನ್ ನಿಯಮಗಳು, 2021ರ ಪ್ರಕಾರ 250 ಗ್ರಾಂವರೆಗಿನದು ನ್ಯಾನೋ, ಅಲ್ಲಿಂದ 2 ಕೆ.ಜಿ.ವರೆಗಿನದು ಮೈಕ್ರೋ ವರ್ಗ. ನ್ಯಾನೋ ವರ್ಗಕ್ಕೂ, ವಾಣಿಜ್ಯೇತರ ಉದ್ದೇಶದ ಮೈಕ್ರೋ ವರ್ಗಕ್ಕೂ ಪೈಲಟ್ ಪರವಾನಗಿಯಿಂದ ವಿನಾಯಿತಿ ಇದೆ. ಹಾಗೆಂದು ಎಲ್ಲೆಂದರಲ್ಲಿ ಹಾರಿಸುವಂತಿಲ್ಲ. ವಾಯುಪ್ರದೇಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ವಿಂಗಡಿಸಲಾಗಿದೆ. ಸಾಂಬ್ರಾ ವಿಮಾನ ನಿಲ್ದಾಣದ ಸುತ್ತಲಿನ ಪ್ರದೇಶ, ಜಲಾಶಯ, ವಿದ್ಯುತ್ ಸ್ಥಾವರಗಳ ಸಮೀಪ ಹಾರಿಸುವ ಯೋಚನೆ ಇರುವವರು ಮೊದಲು ಅಧಿಕೃತ ನಕ್ಷೆ ನೋಡಿ, ಸ್ಥಳೀಯ ಪೊಲೀಸರನ್ನು ಕೇಳಬೇಕು. ಕಲಿಕೆಯನ್ನು ಕಾರಿನಿಂದ ಆರಂಭಿಸುವುದೇ ಜಾಣತನ.

ಯಾರಿಗೆ ಯಾವುದು?

ಹತ್ತು, ಹನ್ನೆರಡು ವರ್ಷದ ಮಗುವಿಗೆ ಕೊಡಿಸುವುದಾದರೆ ರೇಡಿಯೊ ಸಮೇತ ಸಿದ್ಧವಾಗಿ ಬರುವ 2.4 ಗಿಗಾಹರ್ಟ್ಸ್ ಕಾರು ಸಾಕು. ಬಿಡಿ ರಿಸೀವರ್ ದೊರೆಯುತ್ತದೆಯೇ ಎಂಬುದನ್ನು ಮಾತ್ರ ವಿಚಾರಿಸಬೇಕು.

ಸ್ವಂತ ಕಾರು ಕಟ್ಟುವ ಕಾಲೇಜು ವಿದ್ಯಾರ್ಥಿಗೆ ಪಿಸ್ತೂಲ್ ಆಕಾರದ, ಆರು ಚಾನೆಲ್‌ನ ಸೆಟ್ಟು ಹೊಂದುತ್ತದೆ. ಫ್ಲೈಸ್ಕೈ ಎಫ್‌ಎಸ್-ಜಿಟಿ5 ಇಂಥದು. ಅದರ ಜೊತೆಗಿನ ರಿಸೀವರ್‌ನಲ್ಲಿ ಕಾರು ಜಾರದಂತೆ ಸರಿಪಡಿಸುವ ಗೈರೋ ಕೂಡ ಇದೆ.

ಮುಂದೆ ವಿಮಾನ, ಡ್ರೋನ್, ರೋಬೋಟ್‌ಗಳತ್ತ ಹೋಗುವ ಯೋಚನೆಯಿದ್ದರೆ ಎರಡು ಕಡ್ಡಿಯ ಸೆಟ್ಟನ್ನೇ ಮೊದಲಿಗೆ ಕೊಳ್ಳುವುದು ಲಾಭಕರ. ಎಫ್‌ಎಸ್-ಐ6 ಆರಂಭಕ್ಕೆ ಸಾಕು. ಹೆಚ್ಚು ಹಣ ಹೂಡಬಲ್ಲವರು ಎಡ್ಜ್‌ಟಿಎಕ್ಸ್ ಎಂಬ ಮುಕ್ತ ತಂತ್ರಾಂಶದ ರೇಡಿಯೊಮಾಸ್ಟರ್‌ನಂಥ ಸೆಟ್ಟು ನೋಡಬಹುದು. ಇನ್ನೂ ಒಂದು ಮಾತು: ನಾಲ್ವರು ಸೇರಿ ಪ್ರಾಜೆಕ್ಟ್ ಮಾಡುವಾಗ ನಾಲ್ಕು ಟ್ರಾನ್ಸ್‌ಮಿಟರ್ ಬೇಕಿಲ್ಲ. ಒಂದೇ ಒಳ್ಳೆಯ ಟ್ರಾನ್ಸ್‌ಮಿಟರ್, ನಾಲ್ಕು ರಿಸೀವರ್ ಸಾಕು. ಮನೆಯವರು ಕಬ್ಬಿನ ಬಿಲ್ಲು ಬಂದಾಗ ಕೊಟ್ಟ ದುಡ್ಡು ಹಾಗೆ ಉಳಿಯುತ್ತದೆ.

ಬಳಸಿದ ಸೆಟ್ಟನ್ನು ಕೊಳ್ಳುವಾಗ ಬ್ಯಾಟರಿ ಪೆಟ್ಟಿಗೆಯಲ್ಲಿ ತುಕ್ಕು, ಕಡ್ಡಿ ನಡುವಿಗೆ ಮರಳದಿರುವುದು, ತುಂಡಾದ ಆಂಟೆನಾ, ಈ ಮೂರನ್ನು ನೋಡಬೇಕು. ಬಳಿಕ ಕಡಿಮೆ ಶಕ್ತಿಯ ಪರೀಕ್ಷಾ ಸ್ಥಿತಿಯಲ್ಲಿಟ್ಟು ಮೂವತ್ತು ಹೆಜ್ಜೆ ದೂರ ನಡೆದು, ಪ್ರತಿ ಚಲನೆಯೂ ಅಳುಕದೆ ನಡೆಯುತ್ತದೆಯೇ ಎಂದು ಖಚಿತಪಡಿಸಿಕೊಂಡೇ ಹಣ ಕೊಡಬೇಕು.

ವಾಹನದ ಬಣ್ಣ ಮಾಸಬಹುದು, ಚಕ್ರ ಸವೆಯಬಹುದು, ಮೋಟಾರು ಬದಲಾಗಬಹುದು. ವಿವೇಚನೆಯಿಂದ ಆರಿಸಿದ ಟ್ರಾನ್ಸ್‌ಮಿಟರ್ ಮಾತ್ರ ಹತ್ತಾರು ವರ್ಷ ಕೈಯಲ್ಲಿರುತ್ತದೆ. ಆದ್ದರಿಂದ ಮೊದಲ ಹಣ ಅದಕ್ಕೆ ಸಲ್ಲಲಿ, ಮೊದಲ ಪರೀಕ್ಷೆ ಫೇಲ್‌ಸೇಫ್‌ನದಾಗಲಿ.